ಮೂಲೆಯಿಂದ ಮೂಲೆಗೆ ಎರಡು ದಾರ

ಕಮಿಹಾತ ಹಳ್ಳಿ, ಯತ್ಸುಶಿರೊ ಬಯಲು
ಶೋವಾ ಮೂವತ್ತೆರಡನೆಯ ವರ್ಷ (1957), ಡಿಸೆಂಬರ್ ಹತ್ತು

ನನ್ನ ಮುದ್ದು ಕಿನು ಮರಿಗೆ,

ಚಿಕ್ಕಪ್ಪ ತೊರಮತ್ಸು ಮಾಡುವ ಆಶೀರ್ವಾದಗಳು. ಮೊದಲು ನಿನ್ನ ಕೆಮ್ಮಿನ ವಿಷಯ. ಹಾಸ್ಟೆಲಿನ ಕೋಣೆ ತಣ್ಣಗಿರುತ್ತದೆ ಎಂದು ಬರೆದಿದ್ದೀಯ. ಹೋದ ತಿಂಗಳು ಕಳಿಸಿದ ಒಣಶುಂಠಿಯನ್ನು ಬಿಸಿನೀರಿಗೆ ಹಾಕಿ ಕುಡಿದೆಯೋ, ಇಲ್ಲ ಕಿಟಕಿಯಲ್ಲಿಟ್ಟು ಅದರ ಅಂದ ನೋಡುತ್ತಿದ್ದೀಯೋ? ನಿನ್ನನ್ನು ನಾನು ಬಲ್ಲೆ. ಈ ಕಾಗದ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಎದ್ದು ಹೋಗಿ ಒಂದು ಲೋಟ ಕುಡಿದು ಬಾ. ನಾನು ಕಾಯುತ್ತೇನೆ. ಕುಡಿದೆಯಾ? ಸರಿ. ನನ್ನ ಆರೋಗ್ಯ ಎಂದಿನಂತೆ ಅಮೋಘ. ಐವತ್ತೊಂದು ತುಂಬಿದರೂ ಹಲ್ಲು ಇಪ್ಪತ್ತೊಂಬತ್ತು ಇವೆ. ಮೊನ್ನೆ ಊರಿಗೆ ಬಂದ ಡಾಕ್ಟರು, ಚಾಪೆ ಹೊಲಿಯುವ ದಾರ ಎಳೆದೆಳೆದು ಕಲ್ಲಾದ ನನ್ನ ಬಲ ಮೊಣಕೈಯನ್ನು ತಟ್ಟಿ ನೋಡಿ, ಇಂಥ ಗಂಟನ್ನು ಪುಸ್ತಕದಲ್ಲೂ ಕಂಡಿಲ್ಲ ಎಂದರು. ನಿನ್ನಪ್ಪನಿಗೆ ಮಂಡಿ ನೋವು, ಆದರೂ ಗದ್ದೆಗೆ ಇಳಿಯುವುದನ್ನು ಬಿಟ್ಟಿಲ್ಲ. ಚಾಪೆಯ ಜೊಂಡು ನಾಟಿಯ ಕಾಲ. ಬೆಳಿಗ್ಗೆ ನೀರಿನ ಮೇಲೆ ಮಂಜುಗಡ್ಡೆಯ ಪದರ ಇರುತ್ತದೆ, ಅದನ್ನು ಕಾಲಿನಿಂದ ಒಡೆದುಕೊಂಡು ಒಳಗೆ ಹೋಗುತ್ತಾನೆ. ಬೇಡ ಎಂದರೆ ಕೇಳುವ ಜನವೇ ನನ್ನ ಅಣ್ಣ?

ನಿನ್ನ ಕಾಗದ ಶುಕ್ರವಾರ ಬಂತು. ಲಕೋಟೆಯ ಮೇಲೆ ನನ್ನೊಬ್ಬನ ಹೆಸರು. ನಾನು ಅದನ್ನು ಓದುತ್ತಾ ಕೂತಿದ್ದಾಗ ನಿನ್ನಪ್ಪ ನನ್ನ ಕೆಲಸದ ಕೊಟ್ಟಿಗೆಗೆ ಮೂರು ಸಲ ಬಂದ. ಮೊದಲು ದಾರ ಬೇಕೆಂದು, ಆಮೇಲೆ ದೊಡ್ಡ ಸೂಜಿ ಬೇಕೆಂದು, ಕೊನೆಗೆ ಆ ಸೂಜಿ ವಾಪಸು ಕೊಡಲೆಂದು. ಮೂರನೆಯ ಸಲ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಸೂಜಿಯ ಕಡೆಗೇ ನೋಡುತ್ತಾ "ಏನಂತೆ?" ಅಂದ. "ಆಕಾರಗಳ ವಿಷಯ ಕೇಳಿದ್ದಾಳೆ. ಚೌಕ, ಆಯತ, ಅಂಥದ್ದು" ಅಂದೆ. ಸೂಜಿಯನ್ನು ಮಣೆಯ ಮೇಲಿಟ್ಟು "ಊಟದ ವಿಷಯ ಏನೂ ಬರೆದಿಲ್ವಾ?" ಅಂದ. ಇಲ್ಲ ಎಂದೆ. ನೀನು ಬರೆದಿದ್ದ ಇನ್ನೊಂದು ಮಾತನ್ನು, ಹೊಸ ವರ್ಷಕ್ಕೆ ಬರುವುದಿಲ್ಲ ಎಂಬುದನ್ನು, ಅವನಿಗೆ ಹೇಳಲಿಲ್ಲ. ಹೇಳಬೇಡ ಎಂದು ನೀನೇ ಕೆಳಗೆ ಎರಡು ಗೆರೆ ಎಳೆದಿದ್ದೆಯಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಪ್ರಶ್ನೆ.

ಮೇಷ್ಟ್ರುಗಳ ತರಬೇತಿ ಶಾಲೆಗೆ ಸೇರಿ ವರ್ಷವೂ ಆಗಿಲ್ಲ, ಜನವರಿಯಲ್ಲಿ ನಾಲ್ಕನೆಯ ತರಗತಿಯ ಮಕ್ಕಳ ಮುಂದೆ ನಿಂತು ಆಕಾರಗಳ ಪಾಠ ಮಾಡಬೇಕು, ನೆನೆದರೇ ಕೈ ಬೆವರುತ್ತದೆ, "ಚಿಕ್ಕಪ್ಪಾ, ನೀನೇ ಗತಿ" ಎಂದಿದ್ದೀಯ. ಜಪಾನಿನಲ್ಲಿ ಎಷ್ಟೊಂದು ವಿದ್ವಾಂಸರಿದ್ದಾರೆ, ಆದರೂ ನೀನು ಬರೆದದ್ದು ಸರಿಯಾದ ವ್ಯಕ್ತಿಗೇ. ನಾನು ಓದಿದ್ದು ನಮ್ಮ ಹಳ್ಳಿ ಶಾಲೆಯಲ್ಲಿ ನಾಲ್ಕು ವರ್ಷ, ನಿಜ. ಅದರಲ್ಲೂ ಜೊಂಡು ಕೊಯ್ಲಿನ ತಿಂಗಳುಗಳನ್ನು ಕಳೆದರೆ ಮೂರು. ಆದರೆ ಹಿದಾಕಾ ಮೇಷ್ಟ್ರು ಇಡೀ ತರಗತಿಯಲ್ಲಿ ನನ್ನೊಬ್ಬನನ್ನೇ ಎತ್ತಿ ನಿಲ್ಲಿಸಿ ಹೇಳುತ್ತಿದ್ದರು: "ಲೋ ತೊರಮತ್ಸು, ನಿನ್ನ ಬಾಯಿ ವೃತ್ತ ಕಣಯ್ಯಾ. ಎಲ್ಲಿ ಶುರುವೋ ಎಲ್ಲಿ ಕೊನೆಯೋ, ಆ ದೇವರಿಗೂ ಗೊತ್ತಾಗಲ್ಲ." ನೋಡು, ಇದು ವೃತ್ತದ ಮೊದಲ ಲಕ್ಷಣ. ಅದಕ್ಕೆ ಮೂಲೆ ಇಲ್ಲ, ಅಂಚಿಗೆ ಮೊದಲು ಕೊನೆ ಇಲ್ಲ. ನಡುವಿನ ಬಿಂದುವಿನಿಂದ ಯಾವ ಕಡೆ ಹೋದರೂ ಅಂಚು ಅಷ್ಟೇ ದೂರ. ಬೈಗುಳದಲ್ಲೇ ಪಾಠ ಹೇಳುವ ಮೇಷ್ಟ್ರು ಈಗ ಎಲ್ಲಿದ್ದಾರೆ!

ಮಕ್ಕಳಿಗೆ ವೃತ್ತ ಹೇಳಿಕೊಡುವಾಗ ನಮ್ಮ ಬಾವಿ ಮುಚ್ಚಳದ ಕಥೆ ಹೇಳು. ನಮ್ಮ ಹಿತ್ತಿಲ ಬಾವಿಗೆ ಆಗ ಮರದ ಚೌಕಟ್ಟು, ಬಾಯಿ ಚೌಕ, ಮುಚ್ಚಳವೂ ಚೌಕ. ನನಗೆ ಒಂಬತ್ತು, ನಿನ್ನಪ್ಪನಿಗೆ ಹದಿಮೂರು. ಮುಚ್ಚಳ ಬಾಯಿಗಿಂತ ಎರಡು ಬೆರಳು ದೊಡ್ಡದು, ಅದು ಹೇಗೆ ತಾನೇ ಒಳಗೆ ಬೀಳುತ್ತದೆ ಎಂದು ಓಣಿಯ ಹುಡುಗರೆಲ್ಲ ವಾದ ಮಾಡಿದರು. ಬೀಳುತ್ತದೆ ಎಂದವನು ನಾನೊಬ್ಬನೇ. ಮುಚ್ಚಳವನ್ನು ನೆಟ್ಟಗೆ ನಿಲ್ಲಿಸಿ, ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ತಿರುಗಿಸಿದೆ. ದಡಾರ್! ಚೌಕದ ಬದಿಗಿಂತ ಅದರ ಕರ್ಣ ಉದ್ದ ಎಂಬುದು ನಮ್ಮ ಹಳ್ಳಿಯಲ್ಲಿ ಸಾಬೀತಾದದ್ದು ಹಾಗೆ. ದುಂಡು ಬಾಯಿಗೆ ದುಂಡು ಮುಚ್ಚಳವಿದ್ದಿದ್ದರೆ ಹೇಗೆ ತಿರುಗಿಸಿದರೂ ಅಗಲ ಅಷ್ಟೇ, ಬೀಳುತ್ತಲೇ ಇರಲಿಲ್ಲ. ನಿನ್ನ ತಾತ ಕೋಲು ಹಿಡಿದು "ಯಾರೋ ಅದು?" ಎಂದು ಬಂದಾಗ ನಾನಿನ್ನೂ ಬಾಯಿ ತೆರೆಯುವುದರಲ್ಲಿದ್ದೆ, ನಿನ್ನಪ್ಪ "ನಾನು" ಅಂದುಬಿಟ್ಟ. ಏಟನ್ನೂ ಅವನೇ ತಿಂದ, ಹಗ್ಗ ಹಿಡಿದು ಇಳಿದು ಮುಚ್ಚಳವನ್ನೂ ಅವನೇ ತಂದ. ಆದರೆ ಕಂಡುಹಿಡಿದ ಕೀರ್ತಿ ಮಾತ್ರ ನನ್ನದು, ಇದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳು.

ಇನ್ನು ತ್ರಿಭುಜ. ಕಡಲಪಾಚಿಯ ಒಂದು ನೋರಿ ಹಾಳೆಯನ್ನು ಮೂರು ಮೂಲೆ ಬರುವ ಹಾಗೆ ಹೇಗೆ ಬೇಕಾದರೂ ಕತ್ತರಿಸು. ಮೂರೂ ಮೂಲೆಗಳನ್ನು ಕಿತ್ತು, ಅವುಗಳ ತುದಿಗಳು ಒಂದೇ ಕಡೆ ಸೇರುವಂತೆ ಪಕ್ಕಪಕ್ಕ ಇಡು. ಕೆಳಗೆ ಗೆರೆ ಎಳೆದ ಹಾಗೆ ನೇರವಾಗಿ ಕೂರುತ್ತವೆ. ಸಣ್ಣ ತ್ರಿಭುಜವೋ ದೊಡ್ಡದೋ, ಚೂಪೋ ಮೊಂಡೋ, ಮೂರು ಕೋನ ಕೂಡಿದರೆ ಅಷ್ಟೇ. ಆಮೇಲೆ ಆ ಚೂರುಗಳನ್ನು ಅನ್ನಕ್ಕೆ ಸುತ್ತಿ ತಿನ್ನಬಹುದು. ಕಾಗದದಲ್ಲಿ ಈ ಅನುಕೂಲ ಇಲ್ಲ. ನಾನಿದನ್ನು ನೆನ್ನೆ ಪರೀಕ್ಷೆ ಮಾಡಿ ಏಳು ತ್ರಿಭುಜ ತಿಂದೆ.

ತ್ರಿಭುಜ ಹಟಮಾರಿ, ಇದನ್ನು ಮರೆಯಬೇಡ. ಮೂರು ಕಡ್ಡಿಗಳ ತುದಿಗಳನ್ನು ಮೊಳೆಯಿಂದ ಕೂಡಿಸಿದರೆ ಮುಗಿಯಿತು, ತಳ್ಳಿದರೂ ಎಳೆದರೂ ಆಕಾರ ಬಿಡುವುದಿಲ್ಲ. ನಾಲ್ಕು ಕಡ್ಡಿ ಕೂಡಿಸಿ ನೋಡು, ಅದಕ್ಕೆ ಬೆನ್ನೆಲುಬೇ ಇಲ್ಲ. ಈ ಕಡೆ ಒತ್ತಿದರೆ ಆ ಕಡೆ ವಾಲುತ್ತದೆ. ಕಡ್ಡಿ ಒಂದೂ ಕೂದಲಷ್ಟೂ ಗಿಡ್ಡವಾಗಿಲ್ಲ, ಆದರೂ ಆಯತ ಇದ್ದದ್ದು ಸಮಾಂತರ ಚತುರ್ಭುಜ ಆಗಿರುತ್ತದೆ. ಅದಕ್ಕೆ ಮೂಲೆಯಿಂದ ಮೂಲೆಗೆ ಐದನೆಯ ಕಡ್ಡಿಯೊಂದನ್ನು ಹಾಕು. ತಕ್ಷಣ ಎರಡು ತ್ರಿಭುಜವಾಯಿತು, ಅಲುಗಾಟ ನಿಂತಿತು. ಇದಕ್ಕಾಗಿಯೇ ಒಂದು ಬಿದಿರಿನ ಚೌಕಟ್ಟನ್ನು ಮಾಡಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ನಾಲ್ಕು ಕಡ್ಡಿ ಸೇರಿಸಿದೆ, ಐದನೆಯದು ಬಿಡಿಯಾಗಿದೆ. ಬದಿಗಳು ಮೂರು ಗೇಣು, ನಾಲ್ಕು ಗೇಣು. ಬಿಡಿ ಕಡ್ಡಿ ಐದು ಗೇಣು. ಅದನ್ನು ಓರೆಯಾಗಿ ಇಟ್ಟಾಗ ಮೂಲೆ ಕಣ್ಣಿಗೆ ಒತ್ತಿಕೊಳ್ಳುವಂಥ ಲಂಬಕೋನ ಆಗುತ್ತದೆ. ಕಡ್ಡಿಗಳನ್ನು ಎಷ್ಟು ನಯವಾಗಿ ಕೆತ್ತಿದೆ ನೋಡು, ಮಕ್ಕಳ ಕೈಗೆ ಸಿಬಿರು ಚುಚ್ಚುವುದಿಲ್ಲ. ಇಂಥ ಕೈಕೆಲಸ ಎಲ್ಲರಿಗೂ ಬರುವಂಥದ್ದಲ್ಲ.

ಈಗ ಆಯತಕ್ಕೆ ಬಂದೆವು, ಅಂದರೆ ನನ್ನ ಸ್ವಂತ ಮನೆಗೆ ಬಂದೆವು. ಮೂವತ್ತು ವರ್ಷದಿಂದ ಆಯತದ ಅನ್ನ ತಿನ್ನುತ್ತಿದ್ದೇನೆ. ಹುಲ್ಲು ತುಂಬಿ ಹೊಲಿದು, ನೆಲದಗಲಕ್ಕೂ ಬಿಗಿಯಾಗಿ ಕೂರಿಸುವ ನಮ್ಮ ದಪ್ಪ ಚಾಪೆ ಒಂದು ಎಂದರೆ ಎರಡು ಚೌಕ ಉದ್ದುದ್ದಕ್ಕೆ. ಎರಡು ಚಾಪೆ ಪಕ್ಕಪಕ್ಕ ಇಟ್ಟರೆ ಮತ್ತೆ ಚೌಕ. ಆರು ಚಾಪೆಯ ಕೋಣೆ ಎಂದರೆ ಈ ಕಡೆ ಮೂರು ಅರ್ಧಚಾಪೆ, ಆ ಕಡೆ ನಾಲ್ಕು ಅರ್ಧಚಾಪೆ, ಮೂಲೆಯಿಂದ ಮೂಲೆಗೆ ಸರಿಯಾಗಿ ಐದು. ಆಯತಕ್ಕೆ ಎದುರುಬದುರು ಬದಿಗಳು ಸಮ, ನಾಲ್ಕೂ ಮೂಲೆ ಲಂಬಕೋನ ಎಂದು ನಿನ್ನ ಪುಸ್ತಕದಲ್ಲಿರುತ್ತದೆ. ಆದರೆ ಪುಸ್ತಕ ಬರೆದವನು ಚಾಪೆ ಹಾಸಿದವನಲ್ಲ. ಒಂದು ಕೋಣೆ ಆಯತವೋ ಅಲ್ಲವೋ ಎಂದು ತಿಳಿಯಲು ನಾಲ್ಕು ಬದಿಯನ್ನೂ ಅಳೆದರೆ ಸಾಲದು. ಬದಿಗಳು ಸುಳ್ಳು ಹೇಳುತ್ತವೆ. ವಾಲಿದ ಕೋಣೆಗೂ ಬದಿ ಅಷ್ಟೇ ಇರುತ್ತದೆ. ಎರಡು ದಾರ ತಗೋ, ಒಂದನ್ನು ಈ ಮೂಲೆಯಿಂದ ಆ ಮೂಲೆಗೆ, ಇನ್ನೊಂದನ್ನು ಉಳಿದೆರಡು ಮೂಲೆಗೆ ಬಿಗಿ. ಎರಡೂ ದಾರ ಸಮವಾದರೆ ಆಯತ. ಒಂದು ಉದ್ದ ಒಂದು ಗಿಡ್ಡ ಬಂದರೆ ಕೋಣೆ ವಾಲಿದೆ, ಸಮಾಂತರ ಚತುರ್ಭುಜ. ದಾರಗಳು ನಡುವೆ ಒಂದನ್ನೊಂದು ಅರ್ಧಕ್ಕೇ ಕತ್ತರಿಸುವುದು ಎರಡರಲ್ಲೂ ಉಂಟು, ಅದನ್ನು ನಂಬಿ ಮೋಸ ಹೋಗಬೇಡ. ಉದ್ದ ನೋಡು. ಮಂತ್ರಿಯ ಮನೆಯೇ ಆಗಲಿ, ದಾರ ಹಾಕದೆ ಚಾಪೆ ಎತ್ತಬಾರದು ಎಂದು ನನ್ನ ಗುರು ಹೇಳುತ್ತಿದ್ದರು. ಈ ಮಾತನ್ನು ಮಕ್ಕಳಿಗೆ ಹೇಳು. ನಾನು ಹೇಳಿದೆನೆಂದೇ ಹೇಳು.

ಚಾಪೆ ಎಂದಾಗ ನೆನಪಾಯಿತು. ನನ್ನ ಕೆಲಸ ಎಷ್ಟು ಬಿಗಿ ಎಂದರೆ ಕೋಣೆಯ ಕೊನೆಯ ಚಾಪೆ ತಾನಾಗಿ ಕೂತ ದಾಖಲೆಯೇ ಇಲ್ಲ. ಒಂದು ಅಂಚು ಬೆರಳಷ್ಟು ಮೇಲೆ ನಿಲ್ಲುತ್ತಿತ್ತು. ಆಗ ನಿನ್ನಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ಕಿನೂ, ಬಾರೇ, ನಿಮ್ಮ ಚಿಕ್ಕಪ್ಪನ ಜಂಬ ಕೆಳಗೆ ಇಳೀತಾ ಇಲ್ಲ, ಸ್ವಲ್ಪ ತುಳಿ!" ನೀನು ಬಂದು ಎರಡೂ ಹಿಮ್ಮಡಿ ಜೋಡಿಸಿ ಧೊಪ್ಪನೆ ಹಾರುತ್ತಿದ್ದೆ. ಚಾಪೆ ಕೂರುತ್ತಿತ್ತು. ನಾಲ್ಕು ವರ್ಷದವಳಿದ್ದಾಗಿನಿಂದ ಹದಿನೇಳರವರೆಗೂ ಅದು ನಿನ್ನದೇ ಕೆಲಸ. ಅತ್ತಿಗೆಗೆ ನನ್ನನ್ನು ಕಂಡರೆ ಒಂದು ತಮಾಷೆ. ಸಂಜೆ ನಾನು ಮನೆಗೆ ಬಂದರೆ ಸಾಕು, "ಏನ್ರೀ ಮೈದುನರೇ, ಇವತ್ತು ಎಷ್ಟು ಊರು ಗೆದ್ರಿ?" ಅನ್ನುತ್ತಿದ್ದಳು. ನಾನು ಎಷ್ಟು ಹೇಳಿದರೆ ಅಷ್ಟಕ್ಕೂ ಒಂದೊಂದು ಮೂಲಂಗಿ ಉಪ್ಪಿನಕಾಯಿ ತುಂಡು ಬಡಿಸುತ್ತಿದ್ದಳು. ಒಂದು ಸಲ ಹನ್ನೆರಡು ಊರು ಎಂದೆ, ಬಾಯಿ ಉಪ್ಪಾಗಿ ಹೋಯಿತು.

ಚೌಕ ಎಂದರೆ ಬದಿಗಳೆಲ್ಲ ಸಮ ಇರುವ ಆಯತವೇ. ಅದರ ದಾರಗಳು ಸಮವೂ ಹೌದು, ನಡುವೆ ನೆಟ್ಟಗೆ ಅಡ್ಡ ಹಾಯುವುದೂ ಹೌದು. ಆ ಚೌಕದ ಎದುರುಬದುರು ಮೂಲೆ ಹಿಡಿದು ಎಳೆದರೆ ವಜ್ರಾಕೃತಿ. ಆಗಲೂ ದಾರಗಳು ನೆಟ್ಟಗೇ ಅಡ್ಡ ಹಾಯುತ್ತವೆ, ಆದರೆ ಒಂದು ಉದ್ದ ಒಂದು ಗಿಡ್ಡ. ಇಷ್ಟಾದರೆ ನಿನ್ನ ಪಾಠ ಮುಗಿದ ಹಾಗೆಯೇ. ತ್ರಾಪಿಜ್ಯದ ಬಗ್ಗೆಯೂ ಕೇಳಿದ್ದೀಯ. ಎರಡು ಬದಿ ಸಮಾಂತರ, ಉಳಿದೆರಡು ಅಲ್ಲ, ಅಷ್ಟೇ. ಅದೊಂದು ಕೆಲಸಕ್ಕೆ ಬಾರದ ಆಕಾರ. ಚಾಪೆ ಕೆಲಸದವನಿಗೆ ಅದರ ಹತ್ತಿರ ವ್ಯವಹಾರವೇ ಇಲ್ಲ. ಪುಸ್ತಕ ನೋಡಿಕೋ. ನನಗೆ ಕೈ ನೋಯುತ್ತಿದೆ.

ಹೊಸ ವರ್ಷದ ವಿಷಯ. ಆಗಸ್ಟಿನಲ್ಲಿ ನಿನ್ನಮ್ಮನ ಆತ್ಮ ಮನೆಗೆ ಬರುವ ಮೊದಲ ಬೊನ್ ಹಬ್ಬಕ್ಕೆ ಬಂದವಳು ಅವಳ ಕೋಣೆಯ ಬಾಗಿಲು ಸರಿಸಿ ನಿಂತದ್ದು ನನ್ನ ಕಣ್ಣಲ್ಲೇ ಇದೆ. ಆರೂ ಚಾಪೆ ಸಾವಿನ ದಿನ ಹಾಸಿದ ಹಾಗೆಯೇ ಸಾಲುಸಾಲಾಗಿ ಇದ್ದವು. ಎರಡು ಕಡೆ ನಾಲ್ಕು ನಾಲ್ಕು ಮೂಲೆಗಳು ಒಂದೇ ಬಿಂದುವಿನಲ್ಲಿ ಕೂಡಿದ್ದವು. ಸೂತಕದ ನಲವತ್ತೊಂಬತ್ತು ದಿನ ಕಳೆದ ಮೇಲೆ ತಿರುಗಿಸಿ, ಮೂಲೆಗಳನ್ನು ಬಿಡಿಸಿ, ಬದುಕಿರುವವರ ಕೋಣೆ ಮಾಡಬೇಕಾಗಿತ್ತು. ಹತ್ತು ತಿಂಗಳಾಗುತ್ತಾ ಬಂದಿತ್ತು. ನೀನು ಚೀಲ ಕೆಳಗಿಡದೆ ಹೇಳಿದೆ: "ಅಪ್ಪಾ, ಈ ಮನೇಲಿ ಇನ್ನೂ ಹೆಣ ಇದೆ ಅನ್ನೋ ಹಾಗೆ ಹಾಸಿಟ್ಟಿದ್ದೀರಿ. ಸತ್ತವಳು ನೆನಪಿದ್ದಾಳೆ, ಇರೋ ಮಗಳು ನೆನಪಿಲ್ಲ. ನಿಮ್ಮ ಜೊತೆ ನಾನೂ ಇಲ್ಲಿ ಬೂದಿ ಆಗ್ಬೇಕಾ?" ನಿನ್ನಪ್ಪ "ಇರಲಿ" ಅಂದ, ಅಷ್ಟೆ. ನೀನು ಸಂಜೆಯ ಬಸ್ಸಿಗೇ ಹೋದೆ. ಅಕ್ಟೋಬರಿನಲ್ಲಿ ವರ್ಷದ ತಿಥಿಗೂ ಬರಲಿಲ್ಲ, ಊದುಬತ್ತಿಯ ಪೊಟ್ಟಣ ಅಂಚೆಯಲ್ಲಿ ಬಂತು. ಈಗ ಬರೆದಿದ್ದೀಯ, ಆ ಮೂಲೆಗಳು ಹಾಗೆಯೇ ಕೂಡಿ ಕೂತಿರುವವರೆಗೆ ಹೊಸಿಲು ದಾಟುವುದಿಲ್ಲ, ಹೊಸ ವರ್ಷವನ್ನು ಗೆಳತಿಯ ಮನೆಯಲ್ಲಿ ಕಳೆಯುತ್ತೇನೆ ಎಂದು. ನಾನು ಏನು ಹೇಳಲಿ? ನಾನು ಬರೀ ಚಿಕ್ಕಪ್ಪ. ಅಪ್ಪ ಮಗಳ ನಡುವೆ ತಲೆ ಹಾಕುವವನಲ್ಲ. ನಿನ್ನಪ್ಪ ದಿನಾ ಬೆಳಿಗ್ಗೆ ಆ ಕೋಣೆ ಗುಡಿಸುತ್ತಾನೆ. ತಾನು ಮಲಗುವುದು ಅಡುಗೆಮನೆಯ ಪಕ್ಕದಲ್ಲಿ. ಇಷ್ಟು ಮಾತ್ರ ತಿಳಿಸಬಲ್ಲೆ.

ಎದುರುಮನೆಯ ಒಕಾನೊ ಅಜ್ಜಿ ನಿನ್ನನ್ನು ಕೇಳಿದರು. ಈ ಸಲ ಮೋಚಿಗೆ ಅಂಟಕ್ಕಿ ಕುಟ್ಟುವಾಗ ದುಂಡಗೆ ಉಂಡೆ ಕಟ್ಟಲು ನಿನ್ನ ಕೈ ಇಲ್ಲವಲ್ಲ ಎಂದು ಕೊರಗುತ್ತಿದ್ದಾರೆ. ಪೂರ್ವದ ಕಡೆ ಮೋಚಿಯನ್ನು ಚೌಕವಾಗಿ ಕತ್ತರಿಸುತ್ತಾರಂತೆ. ತಿನ್ನುವ ವಸ್ತುವಿಗೆ ಮೂಲೆ ಇಡುವ ಜನರ ಬಗ್ಗೆ ನನಗೆ ಮರುಕವಿದೆ. ಕುತ್ತಿಗೆಗೆ ಉಣ್ಣೆಬಟ್ಟೆ ಸುತ್ತಿಕೋ. ಶುಂಠಿ ಮರೆಯಬೇಡ. ಪಾಠದ ದಿನ ಗಟ್ಟಿಯಾಗಿ ಮಾತಾಡು, ಗೊತ್ತಿಲ್ಲದ ಕಡೆ ಇನ್ನೂ ಗಟ್ಟಿಯಾಗಿ ಮಾತಾಡು, ನಾನು ಬದುಕಿರುವುದೇ ಹಾಗೆ. ನೂರು ವರ್ಷ ಸುಖವಾಗಿರು, ಮಗಳೆ.

ನಿನ್ನ ಚಿಕ್ಕಪ್ಪ
ತೊರಮತ್ಸು
ಕಮಿಹಾತದ ಮೊದಲನೆಯ ಚಾಪೆ ಕುಶಲಕರ್ಮಿ, ಎರಡನೆಯವನು ಊರಿನಲ್ಲಿಲ್ಲ

ತಾ.ಕ.: ಡಿಸೆಂಬರ್ ಹದಿನಾರು. ಕಿನು, ಮೇಲಿನ ಕಾಗದ ಆರು ದಿನ ನನ್ನ ಸೂಜಿಡಬ್ಬಿಯಲ್ಲಿತ್ತು. ಅಂಚೆಗೆ ಹಾಕಲು ಎರಡು ಸಲ ಹೋಗಿ ವಾಪಸು ಬಂದೆ. ಈಗ ಅಂಚೆಯವನು ಸೈಕಲ್ಲು ನಿಲ್ಲಿಸಿ ನಮ್ಮ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದಾನೆ. ಅವನ ಲೋಟ ಖಾಲಿಯಾಗುವುದರೊಳಗೆ ಬರೆಯಬೇಕು, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ತ್ರಾಪಿಜ್ಯದ ಹತ್ತಿರ ನನಗೆ ವ್ಯವಹಾರವಿಲ್ಲ ಎಂದದ್ದು ಸುಳ್ಳು. ನಾನೊಂದು ತ್ರಾಪಿಜ್ಯ ಮಾಡಿದ್ದೇನೆ.

ಹೋದ ವರ್ಷದ ಸೆಪ್ಟೆಂಬರಿನ ಬಿರುಗಾಳಿ ನೆನಪಿದೆಯಲ್ಲ, ಆಗ ನಮ್ಮ ಮನೆಯ ಬಡಗಣ ಸಾಲಿನ ಕಂಬಗಳು ತಳಗಲ್ಲಿನ ಮೇಲೆ ಮೂರು ಬೆರಳು ಜರುಗಿದ್ದವು. ಯಾರೂ ಗಮನಿಸಲಿಲ್ಲ, ನಿನ್ನಮ್ಮ ಆಗಲೇ ಹಾಸಿಗೆ ಹಿಡಿದಿದ್ದಳು. ಅವಳು ಹೋದ ದಿನ ಚಾಪೆ ತಿರುಗಿಸಿ ಹಾಸುವ ಕೆಲಸ ನನ್ನದು. ನಾಲ್ಕು ಬದಿ ಅಳೆದೆ. ಮೂರು, ನಾಲ್ಕು, ಮೂರು, ನಾಲ್ಕು. ಸರಿಯಾಗಿದೆ ಎಂದುಕೊಂಡೆ. ದಾರ ಹಾಕಲಿಲ್ಲ. ಕಣ್ಣು ತುಂಬಿ ದಾರ ಕಾಣುತ್ತಿರಲಿಲ್ಲ ಎಂದು ಬರೆಯಬಹುದು, ಆದರೆ ನಿಜ ಅದಲ್ಲ. ನನ್ನ ಮನೆಯ ಕೋಣೆಗೆ ನಾನು ದಾರ ಹಾಕುವುದೇ ಎಂಬ ಜಂಬ. ಆರನೆಯ ಚಾಪೆ ಒಳಗೆ ಹೋಗಲೇ ಇಲ್ಲ. ಅಂಗಳದಲ್ಲಿ ಮಂತ್ರ ಹೇಳಲು ಬೌದ್ಧ ಗುರುಗಳು ಬಂದು ನಿಂತಿದ್ದಾರೆ, ಜನ ಸೇರಿದ್ದಾರೆ. ನಾನು ಕತ್ತಿ ತೆಗೆದುಕೊಂಡು ಚಾಪೆಯ ಒಂದು ತುದಿಯನ್ನು ಓರೆಯಾಗಿ ಕತ್ತರಿಸಿ ತುರುಕಿದೆ, ಉಳಿದ ಸಂದಿಗೆ ಹುಲ್ಲು ತುಂಬಿದೆ. ಉದ್ದದ ಬದಿಗಳು ಸಮಾಂತರವಾಗಿಯೇ ಉಳಿದವು, ಒಂದು ಗಿಡ್ಡವಾಯಿತು ಅಷ್ಟೇ. ಆ ಚಾಪೆ ಯಾವುದು ಗೊತ್ತೇ, ಕಿನು? ನಿನ್ನಮ್ಮ ಮದುವೆಯಾಗಿ ಬಂದ ವರ್ಷ ಅಂಚುಪಟ್ಟಿಯನ್ನು ತಾನೇ ಹೊಲಿದುಕೊಂಡಿದ್ದಳಲ್ಲ, ಅವಳ ಹಾಸಿಗೆಯ ಕೆಳಗಿನದು. ಅವಳ ಹೊಲಿಗೆಯ ಮೇಲೆಯೇ ಕತ್ತಿ ಹೋಯಿತು.

ಆ ಚಾಪೆ ಆಮೇಲೆ ಆ ಒಂದು ಜಾಗ ಬಿಟ್ಟು ಬೇರೆಲ್ಲೂ ಕೂರುವಂತಿರಲಿಲ್ಲ. ಕೋಣೆ ತಿರುಗಿಸಿ ಹಾಸಬೇಕೆಂದರೆ ನನ್ನ ತಪ್ಪು ಬೆಳಕಿಗೆ ಬರಲೇಬೇಕಿತ್ತು. ನಿನ್ನಪ್ಪ ಐವತ್ತನೆಯ ದಿನವೇ ನನ್ನನ್ನು ಕೇಳಿದ. ಪ್ರತಿ ತಿಂಗಳೂ ಕೇಳಿದ. ಜೊಂಡು ಹಸಿ ಇದೆ, ದಾರ ಬಂದಿಲ್ಲ, ಮೊಣಕೈ ನೋವು ಎಂದು ನಾನು ಒಂದೊಂದು ನೆಪ ಹೇಳಿದೆ. ನೀನು ಬಾಗಿಲಲ್ಲಿ ನಿಂತು ಅವನನ್ನು ಬೈದಾಗ ನಾನು ಮೂರು ಮಾರು ದೂರದಲ್ಲಿ ಸೂಜಿ ಹಿಡಿದು ಕೂತಿದ್ದೆ. ಬಾಯಿ ವೃತ್ತವಾದವನ ಬಾಯಿಂದ ಒಂದು ಮಾತು ಹೊರಡಲಿಲ್ಲ.

ಹನ್ನೊಂದನೇ ತಾರೀಕು ಗದ್ದೆಯ ಬದುವಿಗೆ ಹೋಗಿ ನಿಂತು "ಅಣ್ಣಾ, ಆ ಚಾಪೆ..." ಅಂದೆ. ಅವನು ಮಂಡಿವರೆಗೆ ನೀರಲ್ಲಿ ನಿಂತು ನೆಡುತ್ತಿದ್ದ. ತಲೆ ಎತ್ತದೆ "ಗೊತ್ತು" ಅಂದ. ಯಾವಾಗಿನಿಂದ ಎಂದರೆ, "ಗುಡಿಸುವಾಗ ಪೊರಕೆ ಅಲ್ಲಿ ಓರೆಯಾಗಿ ಹೋಗ್ತದೆ ಕಣೋ. ಮೊದಲ ದಿನದಿಂದ ಗೊತ್ತು." ಮತ್ತೆ ಕಿನು ಅಷ್ಟೊಂದು ಅಂದಾಗ ಯಾಕೆ ಬಾಯಿ ಬಿಡಲಿಲ್ಲ ಎಂದು ನಾನೇ ರೇಗಿದೆ. "ನೀನು ಅಲ್ಲೇ ಕೂತಿದ್ದೆಯಲ್ಲೋ, ಬಾವಿ ಹತ್ತಿರ ನಿಂತಿದ್ದ ಮುಖವನ್ನೇ ಹಾಕ್ಕೊಂಡು" ಅಂದ. ಆಮೇಲೆ ಒಂದು ಹಿಡಿ ಸಸಿ ನೆಟ್ಟು ಮುಗಿಸಿ, "ಅವಳು ಚಿಕ್ಕೋಳು, ಬೈದ್ರೆ ಬೈಲಿ. ನೀನು ಮುದುಕ, ತಡ್ಕೊಳ್ಳಲ್ಲ" ಅಂದ. ನನ್ನನ್ನು ಮುದುಕ ಎಂದ. ಇಪ್ಪತ್ತೊಂಬತ್ತು ಹಲ್ಲಿನವನನ್ನು!

ಮಾರನೆಯ ದಿನ ಓಣಿಯ ಎಂಟು ಜನರನ್ನು ಕರೆದೆ. ಎಲ್ಲರ ಮುಂದೆ ನನ್ನ ತಪ್ಪು ಹೇಳಿಕೊಂಡೆ, ಒಕಾನೊ ಅಜ್ಜಿ ಇನ್ನೂ ನಗುತ್ತಿದ್ದಾರೆ. ಹಗ್ಗ ಕಟ್ಟಿ, ಸನ್ನೆಕೋಲು ಕೊಟ್ಟು ಕಂಬಗಳನ್ನು ಕಲ್ಲಿನ ಮೇಲೆ ಹಿಂದಕ್ಕೆ ಸರಿಸಿದೆವು. ಮತ್ತೆ ಜರುಗದ ಹಾಗೆ ನೆಲದ ಹಲಗೆಯ ಕೆಳಗೆ ಮೂಲೆಯಿಂದ ಮೂಲೆಗೆ ಓರೆ ತೊಲೆಯೊಂದನ್ನು ಬಡಿದೆವು, ಐದನೆಯ ಕಡ್ಡಿ. ಆಮೇಲೆ ನಾನೇ ದಾರ ಹಾಕಿದೆ. ಎರಡು ದಾರ, ಎರಡೂ ಐದು ಅರ್ಧಚಾಪೆ. ಒಂದು ತುದಿ ನಿನ್ನಪ್ಪ ಹಿಡಿದಿದ್ದ. ಕತ್ತರಿಸಿದ ಚಾಪೆಯ ಬದಲು ಹೊಸದು ಮಾಡಿದೆ. ಜುಲೈ ಕೊಯ್ಲಿನ ಜೊಂಡಿನಲ್ಲಿ ಅತಿ ಉದ್ದದ ಕಡ್ಡಿಗಳನ್ನು ಅವನು ಯಾರಿಗೂ ಹೇಳದೆ ಅಟ್ಟದಲ್ಲಿ ಎತ್ತಿಟ್ಟಿದ್ದ. ನಿನ್ನಮ್ಮನ ಅಂಚುಪಟ್ಟಿಯನ್ನು ಬಿಚ್ಚಿ ಅದಕ್ಕೇ ಹೊಲಿದೆ. ಕತ್ತಿ ಹೋದ ಕಡೆ ಮೂರು ಬೆರಳು ಸಾಲಲಿಲ್ಲ, ಅವಳು ಅಡುಗೆಗೆ ಕಟ್ಟುತ್ತಿದ್ದ ನೀಲಿ ಮುಂಬಟ್ಟೆಯ ತುಂಡು ಸೇರಿಸಿದೆ. ಅಲ್ಲಿ ಬಣ್ಣ ಬೇರೆ ಕಾಣುತ್ತದೆ. ಕಾಣಲಿ.

ಮುಚ್ಚಿಟ್ಟದ್ದು ಇನ್ನೊಂದಿದೆ. ಬಿದಿರಿನ ಚೌಕಟ್ಟು ಮಾಡಿದ್ದು ನಾನಲ್ಲ. ನಿನ್ನ ಕಾಗದ ಬಂದ ಮರುದಿನ ಬೆಳಿಗ್ಗೆ ಅದು ನನ್ನ ಕೆಲಸದ ಮಣೆಯ ಮೇಲಿತ್ತು. "ನೀನೇ ಮಾಡ್ದೆ ಅಂತ ಬರಿ" ಅಂದಿದ್ದ ನಿನ್ನಪ್ಪ. ಕಡ್ಡಿಗಳನ್ನು ಸಿಬಿರಿಲ್ಲದಂತೆ ಉಜ್ಜಿದ್ದು ಆ ಮಂಜುನೀರಿನಲ್ಲಿ ಬಿರುಕುಬಿಟ್ಟ ಬೆರಳುಗಳು.

ಅಂಚೆಯವನ ಲೋಟ ಖಾಲಿಯಾಗಿತ್ತು, ನಿನ್ನಪ್ಪ ಈಗ ತಾನೇ ಕೇಳದೆ ಮತ್ತೆ ತುಂಬಿದ. ಹಾಗಾಗಿ ಇಷ್ಟು ಬರೆದು ಮುಗಿಸುತ್ತೇನೆ. ಕೋಣೆ ತಿರುಗಿದೆ. ಮೇಲಿನ ಸಾಲಿನಲ್ಲಿ ಎರಡು ಚಾಪೆ ಉದ್ದಕ್ಕೆ, ಕೆಳಗೆ ಆಚೆ ಈಚೆ ಒಂದೊಂದು ಅಡ್ಡಕ್ಕೆ, ಅವುಗಳ ನಡುವೆ ಎರಡು ಉದ್ದಕ್ಕೆ. ಎಲ್ಲಿಯೂ ನಾಲ್ಕು ಮೂಲೆ ಕೂಡುವುದಿಲ್ಲ. ಆದರೆ ಆರನೆಯದು, ನಿನ್ನಮ್ಮನ ಅಂಚಿನದು, ಬೆರಳಷ್ಟು ಮೇಲೆ ನಿಂತಿದೆ. ನಾನು ಹಾರಿದೆ. ನಿನ್ನಪ್ಪನೂ ಮಂಡಿ ನೋವು ಮರೆತು ಹಾರಿದ, ನೀನು ನೋಡಬೇಕಿತ್ತು. ಕೂರಲಿಲ್ಲ. ಅಳತೆ ತಪ್ಪಿರಬೇಕು ಎಂದು ಅವನು ದಾರ ತರಲು ಹೋದ. ಅಳತೆ ತಪ್ಪಿಲ್ಲ, ಕಿನು. ಒಂದು ಕೂದಲು ಉದ್ದ ಬಿಟ್ಟು ಹೊಲಿದದ್ದು ನಾನೇ, ಬೇಕೆಂದೇ. ಅವನ ಹಿಮ್ಮಡಿಗೂ ನನ್ನ ಹಿಮ್ಮಡಿಗೂ ಅದು ಬಗ್ಗುವುದಿಲ್ಲ.

ಮೂವತ್ತೊಂದರ ಮಧ್ಯಾಹ್ನದ ಬಸ್ಸಿಗೆ ಅವನು ನಿಲ್ದಾಣಕ್ಕೆ ಬಂದಿರುತ್ತಾನೆ. ನಾನೇನೂ ಹೇಳಿಲ್ಲ, ಬಂದಿರುತ್ತಾನೆ. ಈಗ ದಾರ ಹಿಡಿದು ಬಾಗಿಲಿಗೆ ಬಂದಿದ್ದಾನೆ, ನಿನಗೆ ಬರೆಯಬೇಕಾದದ್ದು ಏನಾದರೂ ಇದೆಯೇ ಎಂದು ನಾನು ಕೇಳಿದರೆ ದಾರವನ್ನು ಬೆರಳಿಗೆ ಸುತ್ತುತ್ತಾ "ಚಳಿ ಜಾಸ್ತಿ. ದಪ್ಪ ಕಾಲುಚೀಲ ಹಾಕ್ಕೊಂಡು ಬರ್ಲಿ" ಅಂದ. ಹಾಕಿಕೊಂಡೇ ಬಾ. ಆದರೆ ಚಾಪೆಯ ಮೇಲೆ ಹಾರುವಾಗ ತೆಗೆ.